ಚೆಲುವಾದ ಒರತೆಯ ಊರಿನಲ್ಲಿ ಒಂದು ಇರುಳು

ಸತ್ತವರ ವಿಷಯದಲ್ಲಿ ನಮ್ಮ ಮನೆಯ ಹಿರಿಯರು ಬಳಸುತ್ತಿದ್ದ ಕ್ರಿಯಾಪದಗಳು ಮೂರೇ: ಅವರನ್ನು ಕರೆಯುವುದು, ಅವರಿಗೆ ಬಡಿಸುವುದು, ಉಂಡ ಮೇಲೆ ಅವರನ್ನು ಕಳುಹಿಸಿಕೊಡುವುದು. ಆದಕಾರಣ, ಒಹಾಯೊ ಸಂಸ್ಥಾನದ ಕ್ಯಾಂಟನ್ ನಗರದ ಬಳಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದು ಹೋಗಿದ್ದ ನನ್ನನ್ನು, ಅಕ್ಟೋಬರ್ ತಿಂಗಳಿನ ಒಂದು ಶನಿವಾರ ಬೆಳಿಗ್ಗೆ ಅಳಿಯನು, "ಮಾವ, ಇವತ್ತು ರಾತ್ರಿ ಒಂದು ಹಳೆಯ ಮಿಶನ್ ಊರಿನಲ್ಲಿ ದೆವ್ವದ ಬೇಟೆ ಉಂಟು, ಬರ್ತೀರಾ? ನಿಮಗೆ ಬೇಕಾದ ಚರಿತ್ರೆಯೂ ಅಲ್ಲಿ ಧಾರಾಳ ಉಂಟು" ಎಂದು ಕರೆದಾಗ, 'ಬೇಟೆ' ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಬೇಟೆಯೆಂದರೆ ಓಡುವ ಜೀವವೊಂದು, ಅಟ್ಟುವ ಜೀವವೊಂದು ಇರಬೇಕಷ್ಟೆ. ಓಟವನ್ನೆಲ್ಲ ಮುಗಿಸಿ ಮಣ್ಣಿನಲ್ಲಿ ಒರಗಿದವರನ್ನು ಮತ್ತೆ ಅಟ್ಟುವುದೆಂದರೇನು? ಆದರೂ ನಾನು ಹೊರಟೆನು. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದವನಿಗೆ ಆ ಊರಿನ ಹೆಸರು ಅಪರಿಚಿತವಾಗಿರಲಿಲ್ಲ. ಅದನ್ನು ಕಣ್ಣಾರೆ ಕಾಣುವ ಅವಕಾಶವು ಹಗಲಿನಲ್ಲಿಯೇ ಬರಲಿ, ಇರುಳಿನಲ್ಲಿಯೇ ಬರಲಿ, ಬಿಡಲಾಗದ್ದಾಗಿತ್ತು.

ಊರಿನ ಹೆಸರು ಶೋನ್‌ಬ್ರುನ್. ಜರ್ಮನ್ ಭಾಷೆಯಲ್ಲಿ ಅದಕ್ಕೆ ಚೆಲುವಾದ ಒರತೆ ಎಂದು ಅರ್ಥ. ಟಸ್ಕರಾವಾಸ್ ನದಿಯ ಕಣಿವೆಯಲ್ಲಿ, ಈಗಿನ ನ್ಯೂ ಫಿಲಡೆಲ್ಫಿಯ ಪಟ್ಟಣದ ಅಂಚಿನಲ್ಲಿ, 1772ರ ಮೇ ತಿಂಗಳಿನಲ್ಲಿ ಡೇವಿಡ್ ಜೈಸ್‌ಬರ್ಗರ್ ಎಂಬ ಮೊರೇವಿಯನ್ ಪಾದ್ರಿಯು ಲೆನಾಪೆ ಜನಾಂಗದ ಕೆಲವು ಕ್ರೈಸ್ತ ಕುಟುಂಬಗಳೊಡನೆ ಪೆನ್ಸಿಲ್ವೇನಿಯದಿಂದ ಬಂದು ಅಲ್ಲಿ ಮೊದಲ ಮರವನ್ನು ಕಡಿದನು. ಬಿಳಿಯರು ಡೆಲವೇರ್ ಇಂಡಿಯನ್ನರೆಂದು ಕರೆದ ಈ ಲೆನಾಪೆಗಳು ಪೂರ್ವ ಸಮುದ್ರದ ಕಡೆಯ ತಮ್ಮ ನದೀತೀರಗಳನ್ನು ಒಂದೊಂದಾಗಿ ಕಳೆದುಕೊಂಡು, ತಲೆಮಾರಿನಿಂದ ತಲೆಮಾರಿಗೆ ಪಡುವಣಕ್ಕೆ ಸರಿಯುತ್ತ ಬಂದವರು. ಅವರ ಹಿರಿಯ ನಾಯಕನಾದ ನೆಟವಾಟ್ವೀಸನೇ ಪಾದ್ರಿಗಳನ್ನು ಈ ಕಣಿವೆಗೆ ಆಹ್ವಾನಿಸಿ ನೆಲವನ್ನು ಕೊಟ್ಟನು. ಮೊರೇವಿಯನ್ನರಾದರೋ, 1415ರಲ್ಲಿ ಜೀವಂತವಾಗಿ ದಹಿಸಲ್ಪಟ್ಟ ಯಾನ್ ಹುಸ್‌ನನ್ನು ತಮ್ಮ ಮೂಲಪುರುಷನೆಂದು ನೆನೆಯುವವರು, ತಾವೂ ನಿರಾಶ್ರಿತರಾಗಿ ದೇಶದಿಂದ ದೇಶಕ್ಕೆ ಅಲೆದವರು, ಶಸ್ತ್ರವನ್ನು ಹಿಡಿಯಲೊಲ್ಲದವರು. ನೆಲೆ ತಪ್ಪಿದ ಎರಡು ಜನಾಂಗಗಳು ಒಂದು ಒರತೆಯ ಬಳಿ ಸೇರಿ ಊರು ಕಟ್ಟಿದ ಕಥೆ ಇದೆಂದು ನನಗೆ ಯಾವಾಗಲೂ ತೋರಿದೆ. ಕೆಲವೇ ವರ್ಷಗಳಲ್ಲಿ ಅಲ್ಲಿ ಅರುವತ್ತಕ್ಕೂ ಮಿಕ್ಕಿ ಮರದ ದಿಮ್ಮಿಯ ಮನೆಗಳು ಎದ್ದುವು. ಮುನ್ನೂರಕ್ಕೂ ಹೆಚ್ಚು ಜನ ನೆಲೆಸಿದರು. ಪ್ರಾರ್ಥನಾಮಂದಿರವೂ ಶಾಲೆಯೂ ಆದುವು. ಊರಿನವರೆಲ್ಲ ಕೂಡಿ ಒಪ್ಪಿಕೊಂಡ ಕಟ್ಟಳೆಗಳ ಪಟ್ಟಿಯೊಂದಿತ್ತು: ಕುಡುಕರಿಗೂ ಕಳ್ಳರಿಗೂ ಕೊಲೆಗಾರರಿಗೂ ಇಲ್ಲಿ ಎಡೆಯಿಲ್ಲ, ಊರೊಳಗೆ ರಮ್ ಮದ್ಯವನ್ನು ತರಕೂಡದು, ತಂದೆತಾಯಿಗಳನ್ನು ಗೌರವಿಸಬೇಕು, ಬೇಟೆಗೆ ಹೋಗುವಾಗ ಮಾಟಮಂತ್ರಗಳನ್ನು ಮಾಡಕೂಡದು.

ಜೈಸ್‌ಬರ್ಗರನ ಬಗೆಗೆ ನನಗೆ ಒಂದು ವಿಶೇಷವಾದ ಮಮತೆಯಿದೆಯೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಅದಕ್ಕೆ ಕಾರಣ ಮಂಗಳೂರು. 1721ರಲ್ಲಿ ಮೊರೇವಿಯದಲ್ಲಿ ಹುಟ್ಟಿದ ಆತನು ಅಮೆರಿಕದ ಅರಣ್ಯಗಳಲ್ಲಿ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದು, ಮೋಹಾಕ್, ಓನೊಂಡಾಗ, ಲೆನಾಪೆ ಭಾಷೆಗಳನ್ನು ಕಲಿತು, ಅವುಗಳಲ್ಲಿ ಕೆಲವಕ್ಕೆ ಶಬ್ದಕೋಶ ವ್ಯಾಕರಣಗಳನ್ನು ಬರೆದನು. ಶೋನ್‌ಬ್ರುನ್ನಿನ ಮಕ್ಕಳಿಗಾಗಿ ಆತನು ರಚಿಸಿದ ಲೆನಾಪೆ ಮತ್ತು ಇಂಗ್ಲಿಷ್ ಅಕ್ಷರಪುಸ್ತಕವು 1776ರಲ್ಲಿ, ಅಮೆರಿಕವು ಸ್ವಾತಂತ್ರ್ಯವನ್ನು ಸಾರಿದ ಅದೇ ವರ್ಷದಲ್ಲಿ, ಅದೇ ಫಿಲಡೆಲ್ಫಿಯ ನಗರದಲ್ಲಿ ಅಚ್ಚಾಯಿತು. ನಾನು ಹುಟ್ಟಿ ಬೆಳೆದುದು ಬಾಸೆಲ್ ಮಿಶನ್ನಿನ ಜರ್ಮನರು 1834ರಲ್ಲಿ ಬಂದಿಳಿದ ಕರಾವಳಿಯಲ್ಲಿ. ಮೋಗ್ಲಿಂಗರು 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ದ ಹೆಸರನ್ನು ಕೇಳುತ್ತ, ಆ ಮಿಶನ್ನಿನ ಕಾರ್ಖಾನೆಯಲ್ಲಿ ಹುಟ್ಟಿದ ಹೆಂಚಿನ ಮಾಡಿನ ಕೆಳಗೆ ಮಲಗುತ್ತ, 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶದ ಭಾರವನ್ನು ಎರಡು ಕೈಗಳಲ್ಲಿ ಹೊತ್ತು ತಂದು ಮೇಜಿನ ಮೇಲೆ ಇಡುತ್ತ ಬೆಳೆದವನು ನಾನು. ಸಂಘ ಬೇರೆ, ಶತಮಾನ ಬೇರೆ. ಆದರೆ ಪರರ ನುಡಿಯನ್ನು ಕಲಿತು, ಅದಕ್ಕೆ ಕೋಶ ಬರೆದು, ಆ ನುಡಿಯಲ್ಲಿಯೇ ಹಾಡು ಕಟ್ಟುವ ಆ ಜರ್ಮನ್ ಭಕ್ತಿಪಂಥದ ತಾಳ್ಮೆ ಒಂದೇ. ವ್ಯತ್ಯಾಸವಿರುವುದು ಭಾಷೆಗಳ ಭಾಗ್ಯದಲ್ಲಿ. ಕಿಟ್ಟೆಲರ ಕೋಶವನ್ನು ತೆರೆದು ನೋಡುವುದಕ್ಕೆ ಕೋಟ್ಯಂತರ ಕನ್ನಡಿಗರು ಉಳಿದಿದ್ದೇವೆ. ಜೈಸ್‌ಬರ್ಗರನ ಅಕ್ಷರಪುಸ್ತಕವನ್ನು ಹಿಡಿದು ಕುಳಿತ ಮಕ್ಕಳ ಗತಿಯನ್ನು ತಿಳಿಯಬೇಕಾದರೆ ಶೋನ್‌ಬ್ರುನ್ನಿನಿಂದ ಹತ್ತು ಹನ್ನೆರಡು ಮೈಲಿ ದೂರದ ಇನ್ನೊಂದು ಊರಿಗೆ ಹೋಗಬೇಕು.

ಆ ಮಧ್ಯಾಹ್ನ ನಾನು ಅಳಿಯನಿಗೆ ಹೇಳಿ ಮೊದಲು ಅಲ್ಲಿಗೇ ಹೋಗುವಂತೆ ಮಾಡಿದೆನು. ನಾಡೆನ್‌ಹಟನ್ ಎಂದು ಅದರ ಹೆಸರು. ಕೃಪೆಯ ಗುಡಿಸಲುಗಳು ಎಂದು ಅರ್ಥ. ಮೇಪಲ್ ಮರಗಳೆಲ್ಲ ಕೆಂಪಾಗಿ, ಇಳಿಬಿಸಿಲಿನಲ್ಲಿ ಅಲ್ಲಿನ ಶ್ಮಶಾನದ ಹುಲ್ಲಿನ ಮೇಲೆ ಎಲೆಗಳು ಒಂದೊಂದಾಗಿ ಬೀಳುತ್ತಿದ್ದುವು. 1777ರ ಏಪ್ರಿಲಿನಲ್ಲಿ, ಬ್ರಿಟಿಷರಿಗೂ ಅಮೆರಿಕನ್ನರಿಗೂ ನಡೆದಿದ್ದ ಯುದ್ಧದ ಒತ್ತಡವು ಎರಡು ಕಡೆಗಳಿಂದಲೂ ಬಿಗಿಯುತ್ತಿರಲು, ಶೋನ್‌ಬ್ರುನ್ನಿನವರು ತಮ್ಮ ಪ್ರಾರ್ಥನಾಮಂದಿರವು ಅನ್ಯರ ಕೈಯಲ್ಲಿ ಅಪವಿತ್ರವಾಗಬಾರದೆಂದು ತಾವೇ ಅದನ್ನು ಕೆಡವಿ ಊರನ್ನು ಬಿಟ್ಟರು. 1781ರ ಶರತ್ಕಾಲದಲ್ಲಿ ಬ್ರಿಟಿಷರ ಪಕ್ಷದವರು ಈ ಕಣಿವೆಯ ಕ್ರೈಸ್ತ ಇಂಡಿಯನ್ನರೆಲ್ಲರನ್ನೂ ಬಲವಂತವಾಗಿ ಎಬ್ಬಿಸಿ ವಾಯವ್ಯದ ಸ್ಯಾಂಡಸ್ಕಿ ಪ್ರದೇಶಕ್ಕೆ ಒಯ್ದರು. ಪಾದ್ರಿಗಳನ್ನು ಗೂಢಚಾರರೆಂಬ ಸಂದೇಹದ ಮೇಲೆ ಡೆಟ್ರಾಯಿಟ್ ಕೋಟೆಗೆ ಕರೆಸಿದರು. ಕೊಯ್ಯದ ಮುಸುಕಿನ ಜೋಳವು ಹಿಂದೆ ಹೊಲದಲ್ಲಿಯೇ ನಿಂತಿತು. ಆ ಚಳಿಗಾಲದ ಹಸಿವೆಯನ್ನು ತಾಳಲಾರದೆ ಸುಮಾರು ನೂರೈವತ್ತು ಮಂದಿ 1782ರ ಆರಂಭದಲ್ಲಿ ತಮ್ಮ ಹೊಲಗಳಿಗೆ ಮರಳಿ ಬಂದು ಹಿಮದ ನಡುವೆ ತೆನೆಗಳನ್ನು ಮುರಿಯತೊಡಗಿದರು. ಆಗ ಪೆನ್ಸಿಲ್ವೇನಿಯದಿಂದ ಡೇವಿಡ್ ವಿಲಿಯಮ್ಸನ್ನನ ಮುಂದಾಳುತನದಲ್ಲಿ ಬಂದ ಅಮೆರಿಕನ್ ನಾಡಸೈನಿಕರ ತುಕಡಿಯೊಂದು, ನಿಮ್ಮನ್ನು ಸುರಕ್ಷಿತವಾದ ಸ್ಥಳಕ್ಕೆ ಕರೆದೊಯ್ಯುತ್ತೇವೆಂದು ನಂಬಿಸಿ ಅವರ ಆಯುಧಗಳನ್ನು ತೆಗೆದುಕೊಂಡು, ಗಡಿಯ ಮನೆಗಳ ಮೇಲೆ ದಾಳಿ ಮಾಡಿದವರು ನೀವೇ ಎಂದು ಆರೋಪಿಸಿ, ಮತ ಹಾಕಿ ಮರಣದಂಡನೆಯನ್ನು ನಿರ್ಣಯಿಸಿತು. ಒಪ್ಪದೆ ಹಿಂದೆ ಸರಿದವರು 18 ಮಂದಿ ಎಂದು ಹೇಳುತ್ತಾರೆ. ಸಾಯಬೇಕಾದವರು ಒಂದು ರಾತ್ರಿಯ ಅವಕಾಶವನ್ನು ಬೇಡಿ, ಅದನ್ನು ಪ್ರಾರ್ಥನೆಯಲ್ಲಿಯೂ ಸ್ತೋತ್ರಗೀತೆಗಳಲ್ಲಿಯೂ ಕಳೆದರು. ಮಾರ್ಚ್ 8ರ ಬೆಳಿಗ್ಗೆ ಇದೇ ನಾಡೆನ್‌ಹಟನ್ನಿನಲ್ಲಿ ಗಂಡಸರನ್ನು ಒಂದು ಮನೆಗೂ ಹೆಂಗಸರನ್ನು ಮಕ್ಕಳನ್ನು ಇನ್ನೊಂದು ಮನೆಗೂ ಒಯ್ದು, ಪೀಪಾಯಿ ಮಾಡುವವನ ಕೊಡತಿಯಿಂದ ಕೊಂದರು. 28 ಗಂಡಸರು, 29 ಹೆಂಗಸರು, 39 ಮಕ್ಕಳು. ಇಬ್ಬರು ಹುಡುಗರು ತಪ್ಪಿಸಿಕೊಂಡು ಹೋಗಿ ಜಗತ್ತಿಗೆ ಇದನ್ನು ಹೇಳಿದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಅವರ ಅಸ್ಥಿಗಳನ್ನು ಹೂತ ಮಣ್ಣಿನ ದಿಬ್ಬವು ಆ ಶ್ಮಶಾನದ ಒಂದು ಬದಿಯಲ್ಲಿದೆ. ಎತ್ತರವೇನೂ ಅಲ್ಲ. ನಮ್ಮ ಕಡೆ ಬೈಹುಲ್ಲಿನ ಬಣವೆಯ ಬುಡಕ್ಕೆ ಹಾಕುವ ದಿಣ್ಣೆಯಷ್ಟೇ ಎಂದರೂ ಸಲ್ಲುತ್ತದೆ. ನಾನು ಅದರ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬಂದುದು ಕೊಲೆಯ ಭೀಕರತೆಗಿಂತ ಹೆಚ್ಚಾಗಿ, ಅವರು ಬಂದ ಕಾರ್ಯ: ತಾವು ಬಿತ್ತಿದ ಜೋಳವನ್ನು ತಾವು ಕೊಯ್ದುಕೊಳ್ಳುವುದಕ್ಕೆ ಬಂದಿದ್ದರು. ಹಸಿದ ಹೊಟ್ಟೆಯಲ್ಲಿ ಸತ್ತವರು. ನನ್ನ ಅಜ್ಜಿ ಇದನ್ನು ಕೇಳಿದ್ದರೆ ಬೇರೇನನ್ನೂ ವಿಚಾರಿಸದೆ ನೇರವಾಗಿ ಒಲೆಯ ಕಡೆಗೆ ಹೋಗಿರುತ್ತಿದ್ದಳು.

ಕತ್ತಲಾಗುವ ಹೊತ್ತಿಗೆ ನಾವು ಶೋನ್‌ಬ್ರುನ್ನಿಗೆ ಹಿಂತಿರುಗಿದೆವು. ಈಗ ಅಲ್ಲಿರುವುದು ಮೂಲದ ಮನೆಗಳಲ್ಲ. ಊರು ನಶಿಸಿ, ಹೊಲವಾಗಿ, ಅದಿದ್ದ ಜಾಗವೇ ಮರೆತುಹೋಗಿತ್ತು. 1923ರಲ್ಲಿ ಜೋಸೆಫ್ ವೈನ್‌ಲ್ಯಾಂಡ್ ಎಂಬ ಮೊರೇವಿಯನ್ ಪಾದ್ರಿಯು ಪೆನ್ಸಿಲ್ವೇನಿಯದ ಬೆತ್ಲೆಹೆಮ್ಮಿನ ದಫ್ತರಖಾನೆಯಲ್ಲಿದ್ದ ಹಳೆಯ ದಿನಚರಿಗಳ ಮತ್ತು ನಕ್ಷೆಯ ಜಾಡನ್ನು ಹಿಡಿದು ಅದನ್ನು ಮತ್ತೆ ಕಂಡುಹಿಡಿದನು. ಅಗೆದಾಗ ದೊರೆತ ಕುರುಹುಗಳ ಮೇಲೆ 17 ಕಟ್ಟಡಗಳನ್ನು ಹಿಂದಿನಂತೆಯೇ ದಿಮ್ಮಿಯಿಂದ ಕಟ್ಟಿದ್ದಾರೆ. ಅಂದಿನದಾಗಿ ಉಳಿದಿರುವುದು ಶ್ಮಶಾನವೊಂದೇ. ಮೊರೇವಿಯನ್ನರು ಶ್ಮಶಾನವನ್ನು ದೇವರ ಹೊಲವೆಂದು ಕರೆಯುತ್ತಾರೆ. ಬಿತ್ತಿದ ಬೀಜವು ಮೊಳೆಯುವಂತೆ ಮೃತರು ಏಳುವರೆಂಬುದು ಅವರ ನಂಬಿಕೆ. ಅಲ್ಲಿ ದೊಡ್ಡವನಿಗೆ ದೊಡ್ಡ ಕಲ್ಲು ಚಿಕ್ಕವನಿಗೆ ಚಿಕ್ಕ ಕಲ್ಲು ಎಂಬ ಭೇದವಿಲ್ಲ, ನೆಲಮಟ್ಟದ ಚಪ್ಪಟೆ ಕಲ್ಲುಗಳಷ್ಟೆ.

ಬೇಟೆಗೆ ಬಂದವರು ಇಪ್ಪತ್ತು ಮಂದಿ ಇದ್ದಿರಬಹುದು. ಅವರನ್ನು ಕುತೂಹಲಜೀವಿಗಳೆಂದು ತಳ್ಳಿಹಾಕುವ ಮನಸ್ಸು ನನಗಿಲ್ಲ. ಆ ಇರುಳಿನಲ್ಲಿ ನಾನು ಕಂಡವರೆಲ್ಲ ಮೆಲುದನಿಯಲ್ಲಿ ಮಾತನಾಡುವ, ಎಡವಿದವರಿಗೆ ಕೈಯಾಸರೆ ಕೊಡುವ, ಸಜ್ಜನರೇ ಆಗಿದ್ದರು. ಅವರ ಕೈಯಲ್ಲಿ ವಿದ್ಯುತ್ಕಾಂತ ಕ್ಷೇತ್ರವನ್ನು ಅಳೆಯುವ ಪುಟ್ಟ ಮಾಪಕಗಳಿದ್ದುವು, ಧ್ವನಿಮುದ್ರಕಗಳಿದ್ದುವು. 1959ರಲ್ಲಿ ಸ್ವೀಡನ್ನಿನ ಫ್ರೀಡ್ರಿಖ್ ಯೂರ್ಗೆನ್ಸನ್ ಎಂಬವನು ಹಕ್ಕಿಗಳ ಕೂಗನ್ನು ಟೇಪಿನಲ್ಲಿ ಹಿಡಿದಾಗ ಅದರ ಹಿಂದೆ ಮನುಷ್ಯರ ಮಾತು ಕೇಳಿಸಿತೆಂದು ಹೇಳಿದಂದಿನಿಂದ, ಧ್ವನಿಮುದ್ರಕವನ್ನು ಹಚ್ಚಿ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವ ಈ ಪದ್ಧತಿಯು ಹಬ್ಬಿತಂತೆ. ಅಳಿಯನು ಇಂಜಿನಿಯರು. ಆ ಮಾಪಕಗಳು ಗೋಡೆಯೊಳಗಿನ ತಂತಿಗಳ ವಿದ್ಯುತ್ತಿಗೂ ಜೇಬಿನೊಳಗಿನ ಫೋನಿಗೂ ಮಿಡಿಯುತ್ತವೆಂಬುದನ್ನು, ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಇಂಜಿನಿಯರು ತನ್ನ ಪ್ರಯೋಗಶಾಲೆಯಲ್ಲಿ ಕಂಡ ಬೂದುಬಣ್ಣದ ಆಕೃತಿಗೆ, ಕಿವಿಗೆ ಕೇಳಿಸದಷ್ಟು ತಗ್ಗಿನದಾದ, ಸೆಕೆಂಡಿಗೆ ಸುಮಾರು 19 ಕಂಪನಗಳ ಸದ್ದು ಕಾರಣವೆಂದೂ ಅದು ಒಂದು ಫ್ಯಾನಿನಿಂದ ಬರುತ್ತಿತ್ತೆಂದೂ 1998ರಲ್ಲಿ ಬರೆದುದನ್ನು, ಆತನು ನನಗೆ ಕಾರಿನಲ್ಲಿಯೇ ವಿವರಿಸಿದ್ದನು. ಆ ವಿವರಣೆಗಳನ್ನು ನಾನು ಒಪ್ಪುತ್ತೇನೆ. ಆದರೆ ದೆವ್ವವುಂಟೋ ಇಲ್ಲವೋ ಎಂಬ ಪ್ರಶ್ನೆಯು ಅಂದು ನನ್ನನ್ನು ಕಾಡಿದ ಪ್ರಶ್ನೆಯಾಗಿರಲಿಲ್ಲ.

ನಮ್ಮನ್ನು ಕರೆದೊಯ್ದವಳು ಹಗಲಿನಲ್ಲಿ ಅಲ್ಲಿ ನೂಲು ತೆಗೆಯುವುದನ್ನು ಮಕ್ಕಳಿಗೆ ತೋರಿಸುವ ವೃದ್ಧೆ. ಹೆಗಲ ಮೇಲೆ ಉಣ್ಣೆಯ ಶಾಲು, ಕೈಯಲ್ಲಿ ಮೋಂಬತ್ತಿಯಿಟ್ಟ ತಗಡಿನ ಲಾಂದ್ರ. ಲೆನಾಪೆಗಳು ಈ ಊರನ್ನು ವೆಲ್ಹಿಕ್ ತುಪ್ಪೇಕ್ ಎಂದು ಕರೆಯುತ್ತಿದ್ದರೆಂದೂ ಅದಕ್ಕೂ ಒಳ್ಳೆಯ ಒರತೆಯೆಂದೇ ಅರ್ಥವೆಂದೂ ಆಕೆ ಹೇಳಿದಳು. ನಾನು ಆ ಎರಡು ಪದಗಳನ್ನು ಮತ್ತೊಮ್ಮೆ ಹೇಳಿಸಿಕೊಂಡು ಬಾಯಿಪಾಠ ಮಾಡಿದೆನು. ದೇವರ ಹೊಲದ ಅಂಚಿಗೆ ಬಂದಾಗ ಆಕೆ ನಿಂತು, ಇಲ್ಲಿ ಮಾತ್ರ ದಯವಿಟ್ಟು ಯಂತ್ರಗಳನ್ನು ಆರಿಸಿ ಎಂದು ಕೇಳಿಕೊಂಡಳು. ಎಲ್ಲರೂ ಆರಿಸಿದರು. ಆ ಗಳಿಗೆಯಲ್ಲಿ, ಇಪ್ಪತ್ತು ಮಂದಿಯ ಉಸಿರು ಚಳಿಗೆ ಬೆಳ್ಳಗೆ ಕಾಣುತ್ತ, ಯಾರೂ ಏನನ್ನೂ ಕೇಳದೆ, ಹುಲ್ಲಿನೊಳಗೆ ಅರ್ಧ ಹುದುಗಿದ ಕಲ್ಲುಗಳ ಮುಂದೆ ನಿಂತಿದ್ದಾಗ, ಬಂದದ್ದು ಸಾರ್ಥಕವಾಯಿತೆಂದು ನನಗೆನಿಸಿತು.

ತರುವಾಯ ಹೊಲದ ಬದಿಯಿಂದ ನಡೆದೆವು. ಅಂದಿನವರ ಬೇಸಾಯವನ್ನು ತೋರಿಸಲೆಂದು ಅಲ್ಲಿ ಈಗಲೂ ಜೋಳ ಬೆಳೆಯುತ್ತಾರೆ. ಅಕ್ಟೋಬರಿನಲ್ಲಿ ದಂಟುಗಳು ಒಣಗಿ, ಎಲೆಗಳು ಕಾಗದದಂತಾಗಿ, ಗಾಳಿ ಬೀಸಿದಾಗಲೆಲ್ಲ ಯಾರೋ ಬಹು ಮಂದಿ ಸೆರಗು ಸಾವರಿಸಿಕೊಂಡು ನಡೆಯುವಂಥ ಸರಸರ ಸದ್ದು. ನಮ್ಮೊಡನೆ ಬಂದಿದ್ದ ಒಬ್ಬ ತರುಣನು ಧ್ವನಿಮುದ್ರಕವನ್ನು ಆ ಕಡೆಗೆ ಹಿಡಿದು ಬಹಳ ಹೊತ್ತು ನಿಂತನು. ಅದು ಜೋಳದ ಎಲೆಯ ಸದ್ದೆಂದು ಅವನಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಆದರೆ ಮಧ್ಯಾಹ್ನ ಆ ದಿಬ್ಬವನ್ನು ನೋಡಿ ಬಂದಿದ್ದ ನನಗೆ, ಈ ಕಣಿವೆಯಲ್ಲಿ ಜೋಳದ ಎಲೆಯ ಸದ್ದಿಗಿಂತ ಬೇರೆ ಸಾಕ್ಷ್ಯವು ಏಕೆ ಬೇಕೆಂದು ಅನ್ನಿಸಿತು. ಕೈ ಚಾಚಿ ಒಂದು ಎಲೆಯನ್ನು ಹಿಡಿದೆನು, ಸದ್ದು ಅಷ್ಟರಮಟ್ಟಿಗೆ ನಿಂತಿತು, ಬಿಟ್ಟೆನು.

ಕೊನೆಗೆ ಶಾಲೆಯ ಕೋಣೆ. ತಗ್ಗಾದ ಮಾಡು, ಮಣ್ಣು ಮೆತ್ತಿದ ದಿಮ್ಮಿಯ ಗೋಡೆ, ಒರಗುಗಳಿಲ್ಲದ ಬೆಂಚುಗಳು. ನಾವು ಕತ್ತಲೆಯಲ್ಲಿ ಕುಳಿತೆವು. ಮಾಪಕವನ್ನು ನಡುವೆ ನೆಲದ ಮೇಲೆ ಇರಿಸಿದರು. ಒಬ್ಬೊಬ್ಬರಾಗಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳತೊಡಗಿದರು. ಇಲ್ಲಿ ಮಕ್ಕಳು ಯಾರಾದರೂ ಇದ್ದೀರಾ? ನಿಮ್ಮ ಹೆಸರೇನು? ನಿಮಗೆ ಈ ಶಾಲೆ ಇಷ್ಟವಾಗಿತ್ತೇ? ಇದ್ದರೆ ಆ ದೀಪವನ್ನು ಮುಟ್ಟಿ ಬೆಳಗಿಸಿ. ಪ್ರಶ್ನೆಯಿಂದ ಪ್ರಶ್ನೆಗೆ ಅರ್ಧ ನಿಮಿಷದ ಮೌನ. ಆ ಮೌನದಲ್ಲಿ ನನಗೆ ಎದೆ ಭಾರವಾಗತೊಡಗಿತು. 1772ರಿಂದ 1777ರವರೆಗೆ ಈ ಸ್ಥಳದಲ್ಲಿ ಅಕ್ಷರ ತಿದ್ದಿದ ಮಕ್ಕಳ ಮನೆಮಾತು ಲೆನಾಪೆ. ಅವರು ಹಾಡುತ್ತಿದ್ದುದು ಲೆನಾಪೆಯಲ್ಲಿ, ಅವರನ್ನು ಅವರ ತಾಯಂದಿರು ಊಟಕ್ಕೆ ಕರೆಯುತ್ತಿದ್ದುದು ಲೆನಾಪೆಯಲ್ಲಿ. ಅವರಲ್ಲಿ ಕೆಲವರು ಐದು ವರ್ಷಗಳ ತರುವಾಯ ನಾಡೆನ್‌ಹಟನ್ನಿನ ಆ ಎರಡು ಮನೆಗಳೊಳಗೆ ಇದ್ದಿರಬಹುದು. ಅವರು ಕಟ್ಟಕಡೆಯದಾಗಿ ಕೇಳಿದ ಪ್ರಶ್ನೆಗಳೂ ಆಜ್ಞೆಗಳೂ ಇಂಗ್ಲಿಷಿನಲ್ಲಿಯೇ ಇದ್ದಿರಬೇಕು. ಆ ಭಾಷೆಯಲ್ಲಿಯೇ, ಕತ್ತಲೆಯಲ್ಲಿ, ಅಪರಿಚಿತರು ಗುಂಪಾಗಿ ಕುಳಿತು, ನಿನ್ನ ಹೆಸರು ಹೇಳು ಎಂದು ಕೇಳಿದರೆ ಯಾವ ಮಗು ತಾನೇ ಉತ್ತರ ಕೊಟ್ಟೀತು?

ಆಗ ನನಗೆ ನಮ್ಮ ಹಳೆಯ ಮನೆಯ ಒಳಗೋಣೆಯ ನೆನಪು ಬಂದಿತು. ತುಳುನಾಡಿನಲ್ಲಿ ಸತ್ತ ಹಿರಿಯರನ್ನು ಕುಲೆಗಳೆಂದು ಕರೆಯುತ್ತೇವೆ. ಮಳೆ ಹಗಲಿರುಳು ಸುರಿಯುವ ಆಟಿ ತಿಂಗಳಿನಲ್ಲಿ ಒಂದು ಇರುಳು ಅಜ್ಜಿಯು ಆ ಕೋಣೆಯನ್ನು ಸೆಗಣಿಯಿಂದ ಸಾರಿಸಿ, ಬಾಳೆಲೆಗಳನ್ನು ಸಾಲಾಗಿ ಹಾಸಿ, ಯಾರು ಯಾರಿಗೆ ಏನೇನು ಇಷ್ಟವಾಗಿತ್ತೋ ಅದನ್ನೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದಳು. ನಾನು ನೋಡದಿದ್ದ ಅಜ್ಜನಿಗೆ, ಹೆರಿಗೆಯಲ್ಲಿ ತೀರಿಕೊಂಡ ಚಿಕ್ಕಮ್ಮನಿಗೆ, ಹೆಸರಿಡುವ ಮೊದಲೇ ಹೋದ ಒಂದು ಕೂಸಿಗೆ, ಚಿಕ್ಕದೊಂದು ಎಲೆ. ತುಳುವಿನಲ್ಲಿ ಅವರನ್ನು ಹೆಸರು ಹಿಡಿದು, ಬದುಕಿದ್ದವರನ್ನು ಕರೆಯುವಷ್ಟೇ ಸಹಜವಾಗಿ, ಬನ್ನಿ ಉಣ್ಣಿ ಎಂದು ಕರೆಯುತ್ತಿದ್ದಳು. ಆಮೇಲೆ ದೀಪವನ್ನು ಒಳಗೆ ಬಿಟ್ಟು, ಬಾಗಿಲೆಳೆದುಕೊಂಡು, ಹೊರಗೆ ಆ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ನಾನು ಆರೇಳು ವರ್ಷದವನಿದ್ದಾಗ ಒಮ್ಮೆ ಸಂದಿನಿಂದ ಇಣುಕಲು ಹೋದವನ ಹೆಗಲನ್ನು ಹಿಡಿದು ತಿರುಗಿಸಿ, "ಬೇಡ ಮಗಾ, ಅವರು ಉಣ್ಣುವಾಗ ನಾವು ನೋಡಬಾರದು, ನಾಚಿಕೆ ಆಗ್ತದೆ ಅವರಿಗೆ" ಎಂದಳು. ಸತ್ತವರಿಗೆ ಹಸಿವೆಯಿದೆಯೆಂಬುದನ್ನು ನಾನು ಅದಕ್ಕೆ ಮೊದಲೇ ಕಲಿತಿದ್ದೆನು. ನಾಚಿಕೆಯಿದೆಯೆಂಬುದನ್ನು ಆ ಗಳಿಗೆಯಲ್ಲಿ ಕಲಿತೆನು. ಅಜ್ಜಿಗೆ ಉತ್ತರ ಬೇಕಾಗಿರಲಿಲ್ಲ. ಬಂದರೋ ಇಲ್ಲವೋ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಶೋನ್‌ಬ್ರುನ್ನಿನವರಿಗೆ ನಮ್ಮ ಈ ಪದ್ಧತಿ ಸಲ್ಲುವುದಿಲ್ಲವೆಂಬುದನ್ನು ಬಲ್ಲೆನು. ಅವರು ತಾವೇ ಇಂಥ ಆಚಾರಗಳನ್ನು ಬಿಟ್ಟು, ಬೇರೊಂದು ಭರವಸೆಯಲ್ಲಿ ಮಣ್ಣು ಸೇರಿದವರು. ಅವರ ಭರವಸೆಯ ಮೇಲೆ ನಮ್ಮ ಬಾಳೆಲೆಯನ್ನು ಹಾಸುವುದು ಇನ್ನೊಂದು ಬಗೆಯ ಅತಿಕ್ರಮಣವೇ ಸರಿ. ಅಲ್ಲದೆ ಅವರು ದಿಕ್ಕಿಲ್ಲದವರಲ್ಲ. ಕೊಲೆಯ ತರುವಾಯ ಉಳಿದವರನ್ನು ಕೂಡಿಸಿಕೊಂಡು ಜೈಸ್‌ಬರ್ಗರನು 1792ರಲ್ಲಿ ಕೆನಡದ ಥೇಮ್ಸ್ ನದಿಯ ತೀರದಲ್ಲಿ ಫೇರ್‌ಫೀಲ್ಡ್ ಎಂಬ ಊರನ್ನು ಕಟ್ಟಿದನು. 1813ರ ಯುದ್ಧದಲ್ಲಿ ಅಮೆರಿಕನ್ ಸೈನ್ಯವು ಅದನ್ನೂ ಸುಟ್ಟಿತು. ಆದರೂ ಆ ಜನರ ಸಂತತಿಯವರು ಅಲ್ಲಿಯೇ ಹತ್ತಿರ ಮೊರೇವಿಯನ್‌ಟೌನ್ ಎಂಬಲ್ಲಿ ಇಂದಿಗೂ ಇದ್ದಾರೆ. ಲೆನಾಪೆಗಳ ಇತರ ಶಾಖೆಗಳು ಓಕ್ಲಹೋಮದಲ್ಲಿವೆ. ಜೈಸ್‌ಬರ್ಗರನಾದರೋ 1808ರಲ್ಲಿ, ಎಂಬತ್ತೇಳರ ಮುಪ್ಪಿನಲ್ಲಿ, ಇದೇ ಕಣಿವೆಯ ಗೋಶೆನ್ ಎಂಬಲ್ಲಿ ತೀರಿಕೊಂಡು ಅಲ್ಲಿಯೇ ಮಣ್ಣಾದನು.

ನನ್ನ ಸರದಿ ಬಂದಾಗ ಎಲ್ಲರೂ ಕಾದರು. ನನಗೆ ಕೇಳುವುದಕ್ಕೆ ಪ್ರಶ್ನೆಯಿರಲಿಲ್ಲ. ಸಂಜೆ ಕಲಿತ ಎರಡು ಪದಗಳು ನಾಲಿಗೆಯ ಮೇಲಿದ್ದುವು; ವೆಲ್ಹಿಕ್ ತುಪ್ಪೇಕ್ ಎಂದೆನು. ಉಚ್ಚಾರಣೆ ತಪ್ಪಿದ್ದಿರಬಹುದು. ಲಾಂದ್ರದ ವೃದ್ಧೆಯು ಕತ್ತಲೆಯಲ್ಲಿ ತಲೆಯಾಡಿಸಿದಂತೆ ಕಂಡಿತು. ಮಾಪಕದ ದೀಪ ಹತ್ತಲಿಲ್ಲ, ಹತ್ತಬೇಕೆಂದು ನಾನು ಬಯಸಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಎದ್ದು ಮುಂದಿನ ಮನೆಯ ಕಡೆಗೆ ನಡೆದರು. ಅಳಿಯನು ಹೊಸ್ತಿಲಿನಿಂದ "ಮಾವ, ಮೆಟ್ಟಲು ಉಂಟು, ನೋಡಿ ಬನ್ನಿ" ಎಂದು ಎಚ್ಚರಿಸಿ ಮುಂದೆ ಹೋದನು. ಕಡೆಯವನಾಗಿ ಹೊರಬಂದ ನಾನು ಆ ದಪ್ಪ ಹಲಗೆಯ ಬಾಗಿಲನ್ನು ಮೆಲ್ಲನೆ ಎಳೆದುಕೊಂಡೆನು. ಒಳಗಿನಿಂದ ಮರದ ಅಗಣಿಯು ತನ್ನಷ್ಟಕ್ಕೆ ಬೀಳುವ ಸದ್ದು ಕೇಳಿಸಿತು. ಲಾಂದ್ರದ ಬೆಳಕು ಮರಗಳ ಆಚೆಗೆ ಸರಿಯುವವರೆಗೆ, ಆ ಬಾಗಿಲಿಗೆ ಬೆನ್ನು ಮಾಡಿ, ಅಲ್ಲಿಯೇ ನಿಂತಿದ್ದೆನು.